ಹೊಸ ಟೀಚರ್, ಹೊಸ ಮೇಷ್ಟ್ರು: ತರಗತಿಯೊಳಗಿನ ಮೊದಲ ವರ್ಷ

ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರು ಸಿ.ಎ. ಮುಗಿಸಿದರು, ಕಂಪ್ಯೂಟರ್ ಕಂಪೆನಿ ಸೇರಿದರು, ವಿದೇಶಕ್ಕೆ ಹಾರಿದರು ಎಂಬ ಸುದ್ದಿಯನ್ನು ಸಂಘದ ಪತ್ರಿಕೆಗಳಲ್ಲಿ ನೀವು ಆಗಾಗ ಓದುತ್ತೀರಿ. ಟೀಚರ್ ಆದವರ ಸುದ್ದಿ ಮಾತ್ರ ಅಪರೂಪ. ಆದರೂ ನಿಮ್ಮಲ್ಲಿ ಅಂಥವರಿದ್ದೀರಿ. ಡಿ.ಎಡ್. ಅಥವಾ ಬಿ.ಎಡ್. ಮುಗಿಸಿ ಬರುವ ಜೂನಿನಲ್ಲಿ ಮೊದಲ ಸಲ ಹಾಜರಿ ಪುಸ್ತಕ ಕೈಗೆತ್ತಿಕೊಳ್ಳುವವರು, ಪದವಿ ಮುಗಿದ ಕೂಡಲೇ 'ಟೀಚ್ ಫಾರ್ ಇಂಡಿಯಾ'ದಂಥ ಸಂಸ್ಥೆಯ ಮೂಲಕ ಎರಡು ವರ್ಷ ಕಲಿಸಲು ಹೊರಟವರು, ಭಾನುವಾರ ಬೆಳಿಗ್ಗೆ ಸಂಘದ ಸಭಾಗೃಹದಲ್ಲಿ ಪುಟ್ಟ ಮಕ್ಕಳಿಗೆ ಅ ಆ ಇ ಈ ಹೇಳಿಕೊಡಲು ಒಪ್ಪಿಕೊಂಡವರು... ಈ ಲೇಖನ ನಿಮಗಾಗಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೊಸಬರು ತತ್ತರಿಸುವುದು ಪಾಠ ಗೊತ್ತಿಲ್ಲದೆ ಅಲ್ಲ. ನಾಲ್ಕನೆಯ ತರಗತಿಯ ಭಿನ್ನರಾಶಿ ನಿಮಗೆ ಗೊತ್ತಿಲ್ಲವೇ? ಗೊತ್ತಿಲ್ಲದ್ದು ಬೇರೆ. ಜೂನ್ ತಿಂಗಳ ಮಳೆಯಲ್ಲಿ ನೆನೆದು ಬಂದ ಐವತ್ತು ಮಕ್ಕಳು, ನೀರು ಸುರಿಸುವ ಐವತ್ತು ಕೊಡೆಗಳು, ಕಿಟಕಿ ಪಕ್ಕದ ಜಾಗಕ್ಕೆ ಇಬ್ಬರ ಜಗಳ, ಗೋಡೆಯಾಚೆ ಹಿಂದಿ ಮಾಧ್ಯಮದವರ ಮಗ್ಗಿ, ತಲೆಯ ಮೇಲೆ ಗರಗರ ಎನ್ನುವ ಫ್ಯಾನು. ಇವೆಲ್ಲದರ ನಡುವೆ ನಿಂತು ಮೊದಲ ವಾಕ್ಯ ಹೇಳುವುದು ಹೇಗೆ? ಬಿ.ಎಡ್. ಪರೀಕ್ಷೆಯಲ್ಲಿ ಪಿಯಾಜೆ ಬರುತ್ತಾರೆ, ವೈಗೋಟ್ಸ್ಕಿ ಬರುತ್ತಾರೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಈ ಪ್ರಶ್ನೆ ಬರುವುದಿಲ್ಲ. ದೀಪಾವಳಿ ರಜೆಯ ಹೊತ್ತಿಗೆ ಗಂಟಲು ಕೂತು, ನಿದ್ದೆ ಕೆಟ್ಟು, "ಇದು ನನ್ನಿಂದಾಗದ ಕೆಲಸ" ಎಂದು ರಾಜೀನಾಮೆ ಬರೆಯುವವರಲ್ಲಿ ಇನ್ನೆರಡು ವರ್ಷ ನಿಂತಿದ್ದರೆ ಬಹಳ ಒಳ್ಳೆಯ ಟೀಚರ್ ಆಗಬಹುದಾಗಿದ್ದವರೂ ಇರುತ್ತಾರೆ.

ಯಕ್ಷಗಾನ ಮೇಳದಲ್ಲಿ ಹೊಸ ಹುಡುಗನಿಗೆ ಮೊದಲ ರಾತ್ರಿಯೇ ಕರ್ಣನ ವೇಷ ಕಟ್ಟಿಸಿ ರಂಗಕ್ಕೆ ನೂಕುವುದಿಲ್ಲ. ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಅವನ ಪಯಣ ಶುರುವಾಗುತ್ತದೆ. ಹಿಂದೆ ಭಾಗವತರಿರುತ್ತಾರೆ, ಚೌಕಿಯಲ್ಲಿ ಬಣ್ಣ ಹಚ್ಚುವ ಹಿರಿಯರಿರುತ್ತಾರೆ. ತಪ್ಪಿದರೆ ತಿದ್ದುತ್ತಾರೆ, ಬಯ್ಯುತ್ತಾರೆ, ಮರುರಾತ್ರಿ ಮತ್ತೆ ರಂಗಕ್ಕೆ ಬಿಡುತ್ತಾರೆ. ನಮ್ಮ ಶಾಲೆಗಳಲ್ಲಿ ಹೊಸಬರಿಗೆ ಸಿಗುವುದು ಮೊದಲ ದಿನವೇ ಕರ್ಣನ ವೇಷ! ಅದೂ ಯಾರಿಗೂ ಬೇಡವಾದ, ಅತ್ಯಂತ ಗಲಾಟೆಯ 'ಡಿ' ವಿಭಾಗದಲ್ಲಿ.

ರಾತ್ರಿ ಶಾಲೆಗಳು ಕಲಿಸಿದ ಪಾಠ

ನಿಮ್ಮ ಅಜ್ಜನನ್ನೋ ದೊಡ್ಡಪ್ಪನನ್ನೋ ಕೇಳಿ ನೋಡಿ. ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಎಸ್.ಎಸ್.ಸಿ. ಮುಗಿಸಿದವರು ನಮ್ಮ ನಡುವೆ ಬಹಳ ಮಂದಿ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆ ನಡೆಸಿತು. ಫೋರ್ಟ್ ಪರಿಸರದಲ್ಲಿ ಇಂಥ ಇನ್ನೂ ಕೆಲವು ಶಾಲೆಗಳಿದ್ದವು. ಇವುಗಳ ಚರಿತ್ರೆ ಬರೆಯಲು ಬೇರೆಯೇ ಲೇಖನ ಬೇಕು. ಇಲ್ಲಿ ನಾನು ಹೇಳಹೊರಟಿರುವುದು ಅಲ್ಲಿ ಪಾಠ ಮಾಡಿದವರ ಬಗ್ಗೆ.

ಆ ತರಗತಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ನಸುಕಿಗೇ ಎದ್ದು ಇಡ್ಲಿ ಪಾತ್ರೆ ಇಳಿಸಿದ ಹುಡುಗ, ಸಂಜೆ ಏಳಕ್ಕೆ ಬೆಂಚಿನ ಮೇಲೆ ತೂಕಡಿಸುತ್ತಿದ್ದಾನೆ. ಅವನ ಮನೆಮಾತು ತುಳು, ಪುಸ್ತಕ ಕನ್ನಡ, ಬೀದಿ ಮರಾಠಿ, ಗಿರಾಕಿಯ ಮಾತು ಹಿಂದಿ ಇಲ್ಲವೇ ಗುಜರಾತಿ. ಪಾಸಾಗಬೇಕಾದರೆ ಇಂಗ್ಲಿಷ್ ಬೇರೆ! ಅವನಿಗೆ ಹೋಮ್‌ವರ್ಕ್ ಕೊಟ್ಟು ಏನು ಪ್ರಯೋಜನ? ಹೋಟೆಲಿನಲ್ಲೇ ಚಾಪೆ ಹಾಸಿ ಮಲಗುವವನಿಗೆ ಮನೆಯೇ ಇಲ್ಲ, ಮನೆಗೆಲಸ ಎಲ್ಲಿಂದ? ಹಾಗಾಗಿ ಕಲಿಯಬೇಕಾದ್ದೆಲ್ಲ ಮೇಷ್ಟ್ರ ಕಣ್ಣೆದುರೇ, ಆ ಎರಡು ಮೂರು ಗಂಟೆಗಳೊಳಗೇ ಆಗಬೇಕು. ಸ್ವಲ್ಪ ಹೇಳು, ಕೂಡಲೇ ಬರೆಸು, ನಿದ್ದೆ ಬಂದವನನ್ನು ಹಲಗೆಯ ಬಳಿ ಕರೆ, ಮತ್ತೆ ಸ್ವಲ್ಪ ಹೇಳು. ಪಾಠ ಹೇಳುವವರೂ ಹಗಲು ಇನ್ನೊಂದು ಕಡೆ ದುಡಿದು ಬಂದವರೇ ಆಗಿರುತ್ತಿದ್ದರು.

ಎದುರಿಗೆ ಕೂತ ಮಗುವಿನ ದಿನ ಹೇಗಿರುತ್ತದೆ ಎಂದು ತಿಳಿದು ಪಾಠ ಹೊಂದಿಸುವ ಈ ವಿದ್ಯೆ ಇಂದಿಗೂ ಹಳತಾಗಿಲ್ಲ. ಹತ್ತಕ್ಕೆ ಹತ್ತಡಿಯ ಖೋಲಿಯಲ್ಲಿ ಆರು ಜನರೊಡನೆ ಇರುವ ಮಗುವಿಗೆ ನೀವು ಕೊಟ್ಟ ಚಾರ್ಟ್ ಪೇಪರಿನ ಪ್ರಾಜೆಕ್ಟನ್ನು ಬಿಡಿಸಿಡಲು ಜಾಗವೇ ಇರುವುದಿಲ್ಲ. ತರಲಿಲ್ಲವೆಂದು ಗದರಿಸುವ ಮೊದಲು ಅದನ್ನು ಶಾಲೆಯಲ್ಲೇ ಮಾಡಿಸಲು ಸಾಧ್ಯವೇ ನೋಡಿ.

ಮೊದಲ ಹದಿನೈದು ದಿನ

ಗುಜರಾತಿನ ಗಿಜುಭಾಯಿ ಬಧೇಕಾ (1885-1939) ಮುಂಬೈಯಲ್ಲಿ ಕಾನೂನು ಓದಿ ವಕೀಲರಾಗಿದ್ದವರು. ಆಮೇಲೆ ವಕೀಲಿ ಬಿಟ್ಟು ಭಾವನಗರದಲ್ಲಿ ಮಕ್ಕಳ ಶಾಲೆ ನಡೆಸಿದರು. ಜನ ಅವರನ್ನು ಪ್ರೀತಿಯಿಂದ 'ಮೀಸೆಯ ಅಮ್ಮ' ಎನ್ನುತ್ತಿದ್ದರಂತೆ! ಅವರ 'ದಿವಾಸ್ವಪ್ನ' ಎಂಬ ಪುಸ್ತಕದಲ್ಲಿ ಒಬ್ಬ ಉತ್ಸಾಹಿ ಮೇಷ್ಟ್ರು ನಾಲ್ಕನೆಯ ತರಗತಿಗೆ ಹೋಗುತ್ತಾನೆ. ಮೊದಲ ದಿನವೇ ಮಕ್ಕಳಿಗೆ ಮೌನದ ಆಟ ಆಡಿಸಲು ಹೊರಡುತ್ತಾನೆ. ಎಲ್ಲರೂ ಸದ್ದಿಲ್ಲದೆ ಕೂರಬೇಕು, ಹೊರಗಿನ ಸದ್ದು ಆಲಿಸಬೇಕು. ಮಕ್ಕಳು ಏನು ಮಾಡಿದರು? ಒಬ್ಬ ಒಂದು ದನಿ ತೆಗೆದ, ಇನ್ನೊಬ್ಬ ಇನ್ನೊಂದು. ಆಟ ನೀರುಪಾಲು. ಮೇಷ್ಟ್ರು ಆ ದಿನ ಮಕ್ಕಳನ್ನು ಮನೆಗೆ ಕಳಿಸಿಬಿಡುತ್ತಾನೆ. ಮರುದಿನ ಬಂದು ಕಥೆ ಹೇಳಲು ಕೂರುತ್ತಾನೆ. ಅದೇ ಮಕ್ಕಳು ಕಿವಿಯಾಗಿ ಕೂರುತ್ತಾರೆ.

ನಿಮ್ಮ ಮೊದಲ ದಿನ ಕೆಟ್ಟರೆ ಈ ಮೇಷ್ಟ್ರನ್ನು ನೆನಪಿಸಿಕೊಳ್ಳಿ. ಮತ್ತೆ ಹತ್ತು ಕಥೆಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಅಜ್ಜಿ ಹೇಳಿದ ಕಥೆಗಳು ನಿಮ್ಮಲ್ಲಿ ಇದ್ದೇ ಇವೆ. ಶಿಕ್ಷಕರೂ ಶಾಲಾ ಇನ್‌ಸ್ಪೆಕ್ಟರೂ ಆಗಿದ್ದ ನಮ್ಮ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಕಥೆ, ಪದ್ಯ ಬರೆದದ್ದು ಹವ್ಯಾಸಕ್ಕೆಂದೇ ಇರಲಾರದು; ಕಥೆಗೂ ತಾಳಕ್ಕೂ ತರಗತಿ ಹೇಗೆ ಒಲಿಯುತ್ತದೆಂದು ಶಾಲೆ ಶಾಲೆ ಸುತ್ತಿದ ಅವರಿಗೆ ಗೊತ್ತಿತ್ತು.

ಇನ್ನು ಸಣ್ಣ ಸಣ್ಣ ಸಂಗತಿಗಳು. ಸಣ್ಣವೆಂದು ಕಡೆಗಣಿಸಬೇಡಿ, ಹೊಸಬರನ್ನು ಉಳಿಸುವುದು ಇವೇ.

ಮಕ್ಕಳಿಗಿಂತ ಮೊದಲು ನೀವು ತರಗತಿಯಲ್ಲಿರಿ. ಎರಡು ಪಾಳಿಯ ಶಾಲೆಗಳಲ್ಲಿ ಇದು ಕಷ್ಟ, ಬೆಳಗಿನವರು ಹೊರಗೆ ಬೀಳುವ ಮೊದಲೇ ಮಧ್ಯಾಹ್ನದವರು ಮೆಟ್ಟಿಲಲ್ಲಿ ತುಂಬಿರುತ್ತಾರೆ. ಆದರೂ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಮುಖ ನೋಡಿ ಒಳಗೆ ಕರೆಯಿರಿ. ಕೊಡೆ ಎಲ್ಲಿಡಬೇಕು, ಚೀಲ ಎಲ್ಲಿಡಬೇಕು, ಕೂತ ಮೇಲೆ ಏನು ಮಾಡಬೇಕು ಎಂಬುದನ್ನು ಮೊದಲ ವಾರ ಹೇಳಿ, ಮಾಡಿಸಿ, ಮತ್ತೆ ಮಾಡಿಸಿ. ಹಲಗೆಯ ಮೇಲೆ ಒಂದು ಸಣ್ಣ ಲೆಕ್ಕವೋ ಒಂದು ವಾಕ್ಯವೋ ಮೊದಲೇ ಬರೆದಿರಲಿ. ಬಂದವರು ಬಂದಂತೆ ಅದನ್ನು ಬರೆಯಲು ತೊಡಗಿದರೆ ಅರ್ಧ ಗಲಾಟೆ ಹುಟ್ಟುವುದೇ ಇಲ್ಲ. ಹೆಸರು ಕಲಿಯಿರಿ. ಯಾರು ಎಲ್ಲಿ ಕೂರುತ್ತಾರೆಂದು ಒಂದು ಹಾಳೆಯಲ್ಲಿ ನಕ್ಷೆ ಮಾಡಿ ಮೇಜಿನ ಮೇಲಿಟ್ಟುಕೊಂಡರೆ ಒಂದು ವಾರ ಸಾಕು. "ಏ, ನೀಲಿ ರಿಬ್ಬನ್!" ಎಂದು ಕರೆಸಿಕೊಂಡ ಹುಡುಗಿ ನಿಮ್ಮ ಮಾತು ಕೇಳುವುದು ಬೇರೆ, ಹೆಸರು ಹಿಡಿದು ಕರೆಸಿಕೊಂಡವಳು ಕೇಳುವುದು ಬೇರೆ.

ತರಗತಿ ಖಾಲಿಯಿದ್ದಾಗ ಹಲಗೆಯ ಮೇಲೆ ನಾಲ್ಕು ಸಾಲು ಬರೆದು, ಹೋಗಿ ಕೊನೆಯ ಬೆಂಚಿನಲ್ಲಿ ಕೂತು ನೋಡಿ. ಕಿಟಕಿಯ ಬೆಳಕು ಹಲಗೆಯ ಒಂದು ಮೂಲೆಗೆ ಬಿದ್ದು ಅಲ್ಲಿನ ಅಕ್ಷರವೇ ಕಾಣುತ್ತಿಲ್ಲ ಎಂದು ಆಗ ತಿಳಿಯುತ್ತದೆ. ಆ ಮೂಲೆಯಲ್ಲಿ ಕೂತವನು ಇಷ್ಟು ದಿನ 'ದಡ್ಡ'ನೆನಿಸಿಕೊಂಡಿರಬಹುದು, ಪಾಪ.

ಬೆನ್ನು ತಿರುಗಿಸಿ ಹತ್ತು ನಿಮಿಷ ಬರೆಯುತ್ತ ನಿಲ್ಲಬೇಡಿ. ಅಮೆರಿಕದ ಜೇಕಬ್ ಕೌನಿನ್ ಎಂಬ ಸಂಶೋಧಕರು ಎಷ್ಟೋ ತರಗತಿಗಳ ವಿಡಿಯೋ ಚಿತ್ರ ತೆಗೆದು ಪರಿಶೀಲಿಸಿ 1970ರಲ್ಲಿ ಒಂದು ಪುಸ್ತಕ ಬರೆದರು. ಗಲಾಟೆ ಎದ್ದ ಮೇಲೆ ಒಳ್ಳೆಯ ಟೀಚರ್ ಬಯ್ಯುವ ರೀತಿಗೂ ಸಾಧಾರಣ ಟೀಚರ್ ಬಯ್ಯುವ ರೀತಿಗೂ ಅವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಗಲಾಟೆ ಏಳುವ ಮೊದಲು. ಒಳ್ಳೆಯವರಿಗೆ ಬೆನ್ನಲ್ಲೂ ಕಣ್ಣಿದ್ದಂತೆ, ಇಡೀ ಕೋಣೆಯಲ್ಲಿ ಏನಾಗುತ್ತಿದೆ ಎಂಬ ಅರಿವು ಇರುತ್ತಿತ್ತು. ಅದು ಮಕ್ಕಳಿಗೂ ಗೊತ್ತಿರುತ್ತಿತ್ತು. ನಮ್ಮ ಹಳೆಯ ಮೇಷ್ಟ್ರುಗಳಿಗೆ ಇದನ್ನು ಹೇಳಿದರೆ ನಕ್ಕಾರು, "ಇದಕ್ಕೆ ವಿಡಿಯೋ ಬೇಕಿತ್ತಾ?" ಎಂದು!

ದನಿ ಏರಿಸಬೇಡಿ. ನೀವು ಏರಿಸಿದರೆ ಐವತ್ತು ಜನ ಏರಿಸುತ್ತಾರೆ, ಐವತ್ತರ ಮುಂದೆ ಒಂದು ಗಂಟಲು ಎಷ್ಟರದು? ಮಾತು ನಿಲ್ಲಿಸಿ, ಕಾಯಿರಿ, ಮುಂದಿನ ಸಾಲಿಗೆ ಮಾತ್ರ ಕೇಳುವಂತೆ ಶುರುಮಾಡಿ. ಹಿಂದಿನವರು ತಾವಾಗಿ ಸುಮ್ಮನಾಗುತ್ತಾರೆ. ದಿನಕ್ಕೊಂದು ಹತ್ತು ನಿಮಿಷ ನಿಮ್ಮ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು (ಮಕ್ಕಳ ಚಿತ್ರ ಬೇಡ) ಮರಳುವ ಲೋಕಲ್ ಗಾಡಿಯಲ್ಲಿ ಕಿವಿಗೆ ಹಾಕಿ ಕೇಳಿ. ಒಂದೇ ಉಸಿರಿಗೆ "ಪುಸ್ತಕ ತೆಗೆಯಿರಿ, 42ನೆಯ ಪುಟ, ಮಾತಾಡಬೇಡ, ಮೂರನೆಯ ಲೆಕ್ಕ, ಯಾರದು ಅಲ್ಲಿ" ಎಂದು ಐದು ಸೂಚನೆ ಕೊಟ್ಟಿರುತ್ತೀರಿ. ಮಕ್ಕಳು ಯಾವುದನ್ನು ಕೇಳಬೇಕು?

"ಅರ್ಥವಾಯಿತಾ?" ಎಂದು ಕೇಳುವುದು ಬಿಟ್ಟುಬಿಡಿ. ಐವತ್ತು ಮಕ್ಕಳು ಒಂದೇ ರಾಗದಲ್ಲಿ "ಯೆಸ್ ಟೀಚರ್" ಎನ್ನುತ್ತಾರೆ, ಮರಾಠಿ ಶಾಲೆಯಲ್ಲಾದರೆ "ಹೋ ಬಾಯಿ!" ಅದರಿಂದ ನಿಮಗೆ ತಿಳಿಯುವುದು ಅವರ ಗಂಟಲು ಚೆನ್ನಾಗಿದೆ ಎಂದಷ್ಟೇ. ಒಂದು ಸಣ್ಣ ಲೆಕ್ಕ ಕೊಟ್ಟು ಪಾಟಿಯ ಮೇಲೋ ವಹಿಯ ಹಿಂದಿನ ಪುಟದಲ್ಲೋ ಬರೆಸಿ, ಮೇಲೆತ್ತಿ ತೋರಿಸಲು ಹೇಳಿ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಕಲಿಯಬೇಕು. ಮೇರಿ ಬಡ್ ರೋವ್ ಎಂಬಾಕೆ 1970ರ ದಶಕದಲ್ಲಿ ಅಳೆದು ನೋಡಿದಾಗ, ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆದರು. ಮೂರು ಸೆಕೆಂಡ್! ಮನಸ್ಸಿನಲ್ಲೇ ನಿಧಾನವಾಗಿ ಒಂದು, ಎರಡು, ಮೂರು ಎಣಿಸಿ. ಮೊದಮೊದಲು ಯುಗವಾದಂತೆ ಅನಿಸುತ್ತದೆ.

ಹೊಡೆಯುವ ವಿಷಯ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅದು ನಿಮಗೂ ಗೊತ್ತು. ಆದರೆ ಹೊಸಬರ ಕೈ ಏಳುವುದು ಹೆಚ್ಚಾಗಿ ಸಿಟ್ಟಿನಿಂದಲ್ಲ, ಭಯದಿಂದ. ತರಗತಿ ಕೈತಪ್ಪುತ್ತಿದೆ, ಮುಖ್ಯೋಪಾಧ್ಯಾಯಿನಿ ಕಾರಿಡಾರಿನಲ್ಲಿ ಬರುತ್ತಿದ್ದಾರೆ ಎಂಬ ಭಯ. ಆ ಗಳಿಗೆಗೆ ಬೇಕಾದ ಉಪಾಯ ಮೊದಲೇ ಸಿದ್ಧವಿರಲಿ: ಎಲ್ಲರೂ ಪೆನ್ಸಿಲ್ ಹಿಡಿದು ಹಲಗೆಯ ಮೇಲಿನ ಎರಡು ಸಾಲು ನಕಲು ಮಾಡುವುದು. ಕಲಿಕೆ ಅದರಿಂದ ಹೆಚ್ಚೇನೂ ಆಗದು, ಒಪ್ಪುತ್ತೇನೆ. ಆದರೆ ಐದು ನಿಮಿಷದಲ್ಲಿ ಕೋಣೆ ತಣ್ಣಗಾಗುತ್ತದೆ, ನೀವೂ ತಣ್ಣಗಾಗುತ್ತೀರಿ. ತಂಟೆ ಮಾಡಿದವನೊಡನೆ ಮಾತು ಬಿಡುವಿನ ವೇಳೆಯಲ್ಲಿ, ಒಬ್ಬನೇ ಇದ್ದಾಗ ಆಗಲಿ. ಐವತ್ತು ಜನರೆದುರು ಅವಮಾನವಾದ ಹುಡುಗ ಆ ಐವತ್ತು ಜನರಿಗಾಗಿ ಮತ್ತೆ ನಾಟಕ ಆಡಲೇಬೇಕಾಗುತ್ತದೆ.

ಈರುಳ್ಳಿಗೆ ನಾಲ್ಕು ಹೆಸರು

ಇನ್ನೊಂದು ವಿಷಯದಲ್ಲಿ ನೀವು ಇತರ ಹೊಸಬರಿಗಿಂತ ಒಂದು ಹೆಜ್ಜೆ ಮುಂದಿದ್ದೀರಿ. ಬಹುಶಃ ಅದು ನಿಮಗೇ ತಿಳಿದಿಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಬೀದಿಯಲ್ಲಿ ಮತ್ತೊಂದು ಎಂಬುದು ನಿಮಗೆ ಹುಟ್ಟಿನಿಂದ ಬಂದದ್ದು. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿಕೊಂಡು ಬಂದ ಸಂಸ್ಥೆ, ಕನ್ನಡವೂ ಅದರಲ್ಲೊಂದು. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ 'ಬಾಲಭಾರತಿ' ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚುಹಾಕುತ್ತದೆ. ಅಕ್ಕಲಕೋಟೆ, ಜತ್ತ ತಾಲೂಕಿನ ಮಕ್ಕಳೂ ಮುಂಬೈಯ ಮಕ್ಕಳೂ ಓದುವುದು ಅದೇ ಪುಸ್ತಕ.

ಆದರೆ ಪುಸ್ತಕದ ಕನ್ನಡ ಯಾವ ಮಗುವಿನ ಕನ್ನಡ? ಲೆಕ್ಕದಲ್ಲಿ 'ಈರುಳ್ಳಿ' ಎಂದಿದ್ದರೆ ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗುವಿಗೆ ಅದು 'ಉಳ್ಳಾಗಡ್ಡಿ'. ಮಂಗಳೂರು ಕಡೆಯವನಿಗೆ 'ನೀರುಳ್ಳಿ'. ಇಬ್ಬರೂ ಸಂಜೆ ಅಂಗಡಿಗೆ ಹೋಗಿ ಕೇಳುವುದು 'ಕಾಂದಾ'! ಲೆಕ್ಕ ಬರಲಿಲ್ಲವೋ ಶಬ್ದ ತಿಳಿಯಲಿಲ್ಲವೋ ಎಂದು ನೋಡದೆ ಸೊನ್ನೆ ಹಾಕಿಬಿಟ್ಟರೆ ಹೇಗೆ? ನಾಲ್ಕು ಹೆಸರನ್ನೂ ಹಲಗೆಯ ಮೇಲೆ ಬರೆಯಿರಿ. ಮಕ್ಕಳು ನಗುತ್ತಾರೆ, ಲೆಕ್ಕವೂ ತಿಳಿಯುತ್ತದೆ.

ಸಂಖ್ಯೆಗಳದ್ದು ಇನ್ನೂ ಸ್ವಾರಸ್ಯ. ಕನ್ನಡದಲ್ಲಿ 'ಐವತ್ತಮೂರು' ಎಂದರೆ ಐವತ್ತು ಮೊದಲು, ಮೂರು ಆಮೇಲೆ. ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ 'ತ್ರೇಪನ್ನ', ಕಿವಿಗೆ ಮೊದಲು ಬೀಳುವುದು ಮೂರು. ಹಿಂದಿಯೂ ಹಾಗೆಯೇ. ಮನೆಯಲ್ಲಿ ಕನ್ನಡದಲ್ಲಿ ಎಣಿಸಿ ಶಾಲೆಯಲ್ಲಿ ಮರಾಠಿಯಲ್ಲಿ ಕೇಳುವ ಮಗು 53ರ ಬದಲು 35 ಬರೆದರೆ ಅದು ಅಜಾಗ್ರತೆ ಅಲ್ಲ, ಭಾಷೆಯ ತೊಡಕು. 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ 'ಏಕವೀಸ'ದ ಜೊತೆಗೆ 'ವೀಸ ಏಕ' ಎಂದು ಓದುವ ಕ್ರಮವನ್ನೂ ಕೊಟ್ಟಾಗ ಮಹಾರಾಷ್ಟ್ರದಲ್ಲಿ ಎಷ್ಟು ಗದ್ದಲವಾಯಿತೆಂದು ನಿಮಗೆ ನೆನಪಿರಬಹುದು. ಆ ಬದಲಾವಣೆ ಬೇಕಿತ್ತೋ ಬೇಡವೋ ಎಂಬ ಚರ್ಚೆ ಇಲ್ಲಿ ಬೇಡ. ಆ ತೊಡಕು ಎಲ್ಲಿದೆ ಎಂಬುದು ಎರಡೂ ಭಾಷೆ ಬಲ್ಲ ನಿಮಗೆ ತಟ್ಟನೆ ಹೊಳೆಯುತ್ತದೆ. ಒಂದೇ ಭಾಷೆ ಬಲ್ಲ ಟೀಚರಿಗೆ ಹೊಳೆಯಲು ವರ್ಷ ಬೇಕಾದೀತು. ನೀವು ಕಲಿಸುವುದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಾದರೂ ಈ ಮಾತು ಅಷ್ಟೇ ನಿಜ.

ಹಿಂದಿನ ಬೆಂಚಿನಲ್ಲಿ ಒಬ್ಬರು

ಇಷ್ಟೆಲ್ಲ ಓದಿ ತಿಳಿದರೂ ಒಬ್ಬಂಟಿಯಾಗಿ ನಡೆಸುವುದು ಕಷ್ಟ. ಮಹಾರಾಷ್ಟ್ರದ ಅನುದಾನಿತ ಶಾಲೆಗಳಲ್ಲಿ ಹೊಸಬರು ಮೊದಲ ಮೂರು ವರ್ಷ 'ಶಿಕ್ಷಣ ಸೇವಕ'ರು, ನಿಗದಿತ ಗೌರವಧನದ ಮೇಲೆ. 2023ರಲ್ಲಿ ಅದನ್ನು ಪ್ರಾಥಮಿಕಕ್ಕೆ 16,000, ಮಾಧ್ಯಮಿಕಕ್ಕೆ 18,000 ರೂಪಾಯಿಗೆ ಏರಿಸಿದರು. ಅಲ್ಲಿಯವರೆಗೆ 6,000 ಮತ್ತು 8,000 ಇತ್ತು. ಸಂಬಳ ಅತಿ ಕಡಿಮೆ, ಅನುಭವ ಏನೂ ಇಲ್ಲ, ಕಷ್ಟದ ತರಗತಿ ಮಾತ್ರ ಪಾಲಿಗೆ. ಆಸರೆ ಬೇಕಾದದ್ದು ಆಗಲೇ ಅಲ್ಲವೇ?

ಆಸರೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ನಗರದಲ್ಲೇ ಒಂದು ನಿದರ್ಶನವಿದೆ. 1994ರಲ್ಲಿ ಮುಂಬೈಯಲ್ಲಿ ಆರಂಭವಾದ 'ಪ್ರಥಮ್' ಸಂಸ್ಥೆ ಪಾಲಿಕೆಯ ಶಾಲೆಗಳಲ್ಲಿ 'ಬಾಲಸಖಿ' ಎಂಬ ಕಾರ್ಯಕ್ರಮ ನಡೆಸಿತು. ಬಾಲಸಖಿಯರೆಂದರೆ ಅದೇ ಬಸ್ತಿಯ ಯುವತಿಯರು. ಹತ್ತನೆಯದೋ ಹನ್ನೆರಡನೆಯದೋ ಮುಗಿಸಿದವರು, ಬಿ.ಎಡ್. ಇಲ್ಲ. ಆರಂಭದಲ್ಲಿ ಎರಡು ವಾರ ತರಬೇತಿ. ಆಮೇಲೆ ಹಿಂದುಳಿದ 15-20 ಮಕ್ಕಳನ್ನು ದಿನಕ್ಕೆರಡು ಗಂಟೆ ಬೇರೆ ಕೂರಿಸಿ ಓದು, ಬರಹ, ಲೆಕ್ಕದ ಮೂಲಪಾಠ. ಕೋಣೆ ಸಿಗದಿದ್ದರೆ ಕಾರಿಡಾರು! ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ (ಅವರೂ ಮುಂಬೈಯಲ್ಲೇ ಹುಟ್ಟಿದವರು, 2019ರಲ್ಲಿ ನೊಬೆಲ್ ಪಡೆದರು), ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಮುಂಬೈ, ವಡೋದರಾಗಳಲ್ಲಿ ಪರೀಕ್ಷಿಸಿ ನೋಡಿದರು. ಮಕ್ಕಳ ಅಂಕ ಏರಿತ್ತು, ಅತಿ ಹಿಂದಿದ್ದವರಿಗೇ ಹೆಚ್ಚು ಲಾಭವಾಗಿತ್ತು. ಆ ಹುಡುಗಿಯರಿಗಿದ್ದ ಬಲವೇನು? ಕೆಲಸ ಸಣ್ಣದು, ಸ್ಪಷ್ಟವಾದದ್ದು, ಮಕ್ಕಳು ಕಡಿಮೆ, ವರ್ಷವಿಡೀ ಬೆನ್ನ ಹಿಂದೆ ಹೇಳಿಕೊಡುವವರಿದ್ದರು. ನೀವು ಭಾನುವಾರದ ಕನ್ನಡ ತರಗತಿ ಶುರುಮಾಡುವುದಾದರೆ ಈ ಮೂರೂ ನಿಮ್ಮ ಕೈಯಲ್ಲಿವೆ. ನಲವತ್ತು ಮಕ್ಕಳನ್ನು ಒಟ್ಟಿಗೆ ಸೇರಿಸಬೇಡಿ. ವಯಸ್ಸು ನೋಡಿ ಗುಂಪು ಮಾಡದೆ, ಅಕ್ಷರ ಬಲ್ಲವರು, ಶಬ್ದ ಓದಬಲ್ಲವರು, ಮಾತು ಮಾತ್ರ ಬಲ್ಲವರು ಎಂದು ಮಾಡಿ.

ಕರ್ನಾಟಕದ 'ನಲಿ-ಕಲಿ'ಯ ಕಥೆಯೂ ಇದನ್ನೇ ಹೇಳುತ್ತದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಒಟ್ಟಿಗೆ ಕೂತು ಕಲಿಕಾ ಕಾರ್ಡುಗಳನ್ನು ತಾವೇ ರಚಿಸಿದರು. ಅದು ಬೆಳೆದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಜಪಾನಿನಲ್ಲಂತೂ ಶಿಕ್ಷಕರು ಸೇರಿ ಒಂದು ಪಾಠ ಸಿದ್ಧಪಡಿಸಿ, ಒಬ್ಬರು ಕಲಿಸುವಾಗ ಉಳಿದವರು ತರಗತಿಯಲ್ಲಿ ನಿಂತು ನೋಡಿ, ಆಮೇಲೆ ಚರ್ಚಿಸುವ ಪದ್ಧತಿ ಬಹಳ ಕಾಲದಿಂದ ಇದೆ. ಚರ್ಚೆ ನಡೆಯುವುದು ಪಾಠದ ಮೇಲೆ. ಕಲಿಸಿದವರ ಯೋಗ್ಯತೆಯ ಮೇಲಲ್ಲ.

ನಮ್ಮ ಸಂಘ ಸಂಸ್ಥೆಗಳು ಸೆಪ್ಟೆಂಬರ್ 5ರಂದು ನಿವೃತ್ತ ಶಿಕ್ಷಕರಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲಪುಷ್ಪ ಕೊಟ್ಟು ಸನ್ಮಾನಿಸುತ್ತವೆ. ಸಂತೋಷ. ಅದೇ ದಿನ ಆ ನಿವೃತ್ತರನ್ನು ಒಂದು ಕೇಳಿಕೊಳ್ಳಬಾರದೇ? "ಟೀಚರ್, ತಿಂಗಳಿಗೊಮ್ಮೆ ಈ ಹುಡುಗಿಯ ತರಗತಿಯಲ್ಲಿ ಹಿಂದೆ ಕೂರುತ್ತೀರಾ?" ಮುಲುಂಡಿನಲ್ಲೊಬ್ಬರು, ಡೊಂಬಿವಿಲಿಯಲ್ಲೊಬ್ಬರು, ಬೊರಿವಿಲಿಯಲ್ಲೊಬ್ಬರು ಸಿಕ್ಕರೂ ಸಾಕು, ಯಾರೂ ಮೂರು ಗಾಡಿ ಬದಲಿಸಬೇಕಿಲ್ಲ. ಸಂಘ ಕೇಳದಿದ್ದರೆ ನೀವೇ ಕೇಳಿ. ಶಾಲೆಯ ಮುಖ್ಯಸ್ಥರ ಅನುಮತಿ ಮಾತ್ರ ಮೊದಲು ಪಡೆಯಿರಿ. ಹೊರಗಿನವರು ಬೇಡವೆಂದರೆ ಪಕ್ಕದ ತರಗತಿಯ ಹಿರಿಯರನ್ನು ಕೇಳಿ: "ಮೇಡಂ, ನಿಮಗೆ ಬಿಡುವಿದ್ದಾಗ ಇಪ್ಪತ್ತು ನಿಮಿಷ ನನ್ನ ತರಗತಿಗೆ ಬರುತ್ತೀರಾ? ಎಡಗಡೆಯ ಸಾಲು ನನ್ನ ಕೈಗೆ ಸಿಗುತ್ತಿಲ್ಲ." ಹೀಗೆ ಗೊತ್ತಾದ ಒಂದು ತೊಂದರೆ ಹೇಳಿ ಕರೆದರೆ ಬರುತ್ತಾರೆ. "ಹೇಗೆ ಕಲಿಸುತ್ತೇನೆ ನೋಡಿ" ಎಂದು ಕರೆದರೆ ಅವರಿಗೂ ಮುಜುಗರ.

ಬಂದವರು ಒಂದು ಹಾಳೆಯಲ್ಲಿ ಕಂಡದ್ದನ್ನು ಮಾತ್ರ ಬರೆಯಲಿ: ಎಷ್ಟು ಮಕ್ಕಳು ಬಾಯಿ ತೆರೆದರು, ಟೀಚರ್ ಎಷ್ಟು ನಿಮಿಷ ಮಾತಾಡಿದರು, ಕಿಟಕಿ ಪಕ್ಕದ ಹುಡುಗ ಏನು ಮಾಡುತ್ತಿದ್ದ, ಯಾವ ಗಳಿಗೆಯಲ್ಲಿ ಸದ್ದು ಎದ್ದಿತು. ಒಳ್ಳೆಯದು, ಕೆಟ್ಟದ್ದು ಎಂಬ ತೀರ್ಪು ಅದರಲ್ಲಿ ಬೇಡ. ಶಾಲೆ ಬಿಟ್ಟ ಮೇಲೆ ಹತ್ತಿರದ ಉಡುಪಿ ಹೋಟೆಲಿನಲ್ಲಿ ಒಂದು ಕಾಫಿ ಕುಡಿಯುತ್ತ ಆ ಹಾಳೆಯನ್ನು ಇಬ್ಬರೂ ಓದಿ. ಅದರಲ್ಲಿ ಬದಲಿಸಬೇಕಾದ ಒಂದೇ ಒಂದು ಸಂಗತಿ ಆರಿಸಿ, ಉಳಿದವು ಕಾಯಲಿ. ಏಳುವ ಮುನ್ನ ಮುಂದಿನ ಭೇಟಿಯ ತಾರೀಖನ್ನು ಅಲ್ಲೇ ಗೊತ್ತುಮಾಡಿಕೊಳ್ಳಿ.